ನರ್ಸಿಂಗ್ ಹೋಂ ಬಿಲ್ಲು: ಎಲ್ಲವನ್ನೂ ಡಿಸ್ಕೌಂಟ್ ಖಾತೆಗೆ ಹಾಕಬೇಡಿ

ಪ್ರಶ್ನೆ: ನಮ್ಮದು ತಾಲ್ಲೂಕು ಕೇಂದ್ರದಲ್ಲಿರುವ 30 ಹಾಸಿಗೆಗಳ ನರ್ಸಿಂಗ್ ಹೋಂ. ಬಿಲ್ಲಿಂಗ್, ಲೆಕ್ಕಪತ್ರ ಎರಡನ್ನೂ ನಾನೇ ನೋಡಿಕೊಳ್ಳುತ್ತೇನೆ. ನಮ್ಮ ರೇಟ್ ಲಿಸ್ಟ್ ಒಂದು, ವಿಮೆ ಕಂಪನಿಗಳ ಜೊತೆ ಮಾಡಿಕೊಂಡ ದರ ಇನ್ನೊಂದು, ಆಯುಷ್ಮಾನ್ ಪ್ಯಾಕೇಜ್ ಮತ್ತೊಂದು. ಇದರ ಮಧ್ಯೆ ಡಾಕ್ಟರು 'ಇವರಿಗೆ ಎರಡು ಸಾವಿರ ಬಿಡಿ' ಅಂತ ಚೀಟಿ ಕಳಿಸುತ್ತಾರೆ. ಬಿಲ್ಲಿಗೂ ಕೈಗೆ ಬಂದ ಹಣಕ್ಕೂ ಇರುವ ವ್ಯತ್ಯಾಸವನ್ನೆಲ್ಲ ಡಿಸ್ಕೌಂಟ್ ಖಾತೆಗೆ ಹಾಕುತ್ತಾ ಬಂದೆ. ವರ್ಷದ ಕೊನೆಗೆ ಅದು 38 ಲಕ್ಷ ಮುಟ್ಟಿದೆ. ಆಡಿಟರು ವಿವರ ಕೇಳುತ್ತಿದ್ದಾರೆ. ರೇಟ್ ಲಿಸ್ಟನ್ನೇ ಶೇ. 20 ಏರಿಸಿದರೆ ಈ ನಷ್ಟ ತುಂಬಿಕೊಳ್ಳುತ್ತದೆ ಅನ್ನುವುದು ಮಾಲೀಕರ ಮಾತು. ಏನು ಮಾಡಲಿ?

ಉತ್ತರ: ಮೊದಲು ಒಂದು ಸಮಾಧಾನದ ಮಾತು. ಆ 38 ಲಕ್ಷ ಪೂರ್ತಿ ನಷ್ಟವಲ್ಲ. ಅದರಲ್ಲಿ ಒಂದು ಪಾಲು ನಿಮ್ಮದೇ ಹಣ, ಆದಾಯ ತೆರಿಗೆ ಇಲಾಖೆಯಲ್ಲಿ ನಿಮ್ಮ ಆಸ್ಪತ್ರೆಯ ಪ್ಯಾನ್ ಮೇಲೆ ಜಮಾ ಆಗಿ ಕೂತಿದೆ. ಇನ್ನೊಂದು ಪಾಲು ಯಾವತ್ತೂ ನಿಮಗೆ ಬರಬೇಕಾದ ಹಣವೇ ಆಗಿರಲಿಲ್ಲ. ನಿಜವಾಗಿ ನೀವು ಬಿಟ್ಟುಕೊಟ್ಟಿದ್ದು, ನಿಮ್ಮಿಂದ ಕಿತ್ತುಕೊಂಡಿದ್ದು ಎಷ್ಟು ಅನ್ನುವುದು ಈ ರಾಶಿಯಲ್ಲಿ ಮುಚ್ಚಿಹೋಗಿದೆ. ಹಾಗಾಗಿ ರೇಟ್ ಏರಿಸುವ ಮಾತು ಆಮೇಲೆ. ಮೊದಲು ಒಂದು ಬಿಲ್ಲನ್ನು ಬಿಚ್ಚಿ ನೋಡೋಣ.

ಹರ್ನಿಯಾ ಆಪರೇಷನ್, ಕ್ಯಾಶ್‌ಲೆಸ್ ರೋಗಿ ಅಂದುಕೊಳ್ಳಿ. ನಿಮ್ಮ ರೇಟ್ ಲಿಸ್ಟಿನ ಪ್ರಕಾರ ಮೂರು ದಿನದ ರೂಂ ಬಾಡಿಗೆ 9,000, ಓಟಿ 12,000, ಸರ್ಜನ್ ಫೀಸು 22,000, ಅನಸ್ತೇಷಿಯಾ 7,000, ನರ್ಸಿಂಗ್ ಮತ್ತು ಡ್ಯೂಟಿ ಡಾಕ್ಟರ್ 6,000, ಲ್ಯಾಬ್ 4,000. ಇವೆಲ್ಲ ಸೇವೆಗಳು, ಒಟ್ಟು 60,000. ಔಷಧಿ, ಕನ್ಸ್ಯೂಮಬಲ್ಸ್ ಮತ್ತು ಇತರೆ 14,000. ಮೆಶ್ (ಒಳಗೆ ಕೂರಿಸುವ ಬಲೆ, ಇಂಪ್ಲಾಂಟ್) 8,000. ಬಿಲ್ಲು 82,000 ರೂಪಾಯಿ.

ವಿಮೆ ಕಂಪನಿ ಜೊತೆಗಿನ ಒಪ್ಪಂದದಲ್ಲಿ ಸೇವೆಗಳ ಮೇಲೆ ಶೇ. 10 ಕಡಿತ, ಔಷಧಿ ಮತ್ತು ಇಂಪ್ಲಾಂಟ್ ಮೇಲೆ ಇಲ್ಲ ಅಂತಿದೆ. ಅಂದರೆ 6,000 ಹೋಯಿತು, ಉಳಿದಿದ್ದು 76,000. ಇದರಲ್ಲಿ ಹೊಟ್ಟೆಗೆ ಕಟ್ಟುವ ಬೆಲ್ಟು, ಜೊತೆಗಿದ್ದವರ ಊಟದಂಥ ವಿಮೆಗೆ ಸೇರದ ಸಾಮಾನು 1,800. ಅದನ್ನು ಡಿಸ್ಚಾರ್ಜ್ ದಿನ ರೋಗಿಯಿಂದ ತೆಗೆದುಕೊಂಡಿರಿ. ಕ್ಲೇಮ್ ಹೋಗಿದ್ದು 74,200ಕ್ಕೆ. ತಿಂಗಳ ಮೇಲೆ ಸೆಟಲ್‌ಮೆಂಟ್ ಪತ್ರ ಬಂತು. ಟಿಪಿಎದವರು (ವಿಮೆ ಕಂಪನಿ ಪರವಾಗಿ ಕ್ಲೇಮ್ ನೋಡುವ ಸಂಸ್ಥೆ) ಏನೋ ಕಾರಣ ಬರೆದು 2,200 ಕಟ್ ಮಾಡಿ 72,000 ಒಪ್ಪಿದ್ದಾರೆ. ಅದರ ಮೇಲೆ ಶೇ. 10 ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿದು 7,200 ಕಳೆದಿದ್ದಾರೆ. ಬ್ಯಾಂಕಿಗೆ ಬಂದಿದ್ದು 64,800.

ಈಗ ನೀವು ಮಾಡಿದ್ದೇನು? 82,000ದಲ್ಲಿ 66,600 ಬಂತು, ಉಳಿದ 15,400 ಡಿಸ್ಕೌಂಟ್ ಅಂತ ಬರೆದಿರಿ. ಆದರೆ ಅದರಲ್ಲಿ ಡಿಸ್ಕೌಂಟ್ ಇರುವುದು 6,000 ಮಾತ್ರ. 2,200 ಕ್ಲೇಮ್ ಕಡಿತ. 7,200 ನಿಮ್ಮ ತೆರಿಗೆ, ಮುಂಗಡವಾಗಿ ಕಟ್ಟಿದ್ದು. ಅರ್ಧಕ್ಕಿಂತ ಹೆಚ್ಚು ಮೊತ್ತ ತಪ್ಪು ಜಾಗದಲ್ಲಿದೆ.

ಟಿಡಿಎಸ್ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ದುಡ್ಡು ಜಾಸ್ತಿ ಸೋರುವುದು ಇಲ್ಲೇ. ಆಸ್ಪತ್ರೆಗಳಿಗೆ ಹಣ ಕೊಡುವಾಗ ಟಿಪಿಎಗಳು ವೃತ್ತಿ ಸೇವೆಯ ಲೆಕ್ಕದಲ್ಲಿ ಟಿಡಿಎಸ್ ಹಿಡಿಯಬೇಕು ಅಂತ ನೇರ ತೆರಿಗೆ ಮಂಡಳಿ 2009ರ ನವೆಂಬರಿನಲ್ಲೇ ಸುತ್ತೋಲೆ ಹೊರಡಿಸಿದೆ. ಹಳೇ ಆದಾಯ ತೆರಿಗೆ ಕಾಯ್ದೆಯ 194ಜೆ ಕಲಂ ಅದು. ಹಿಡಿದ ಹಣ ನಿಮ್ಮ ಪ್ಯಾನ್ ಮೇಲಿನ ತೆರಿಗೆ ವಿವರಪಟ್ಟಿಯಾದ 26ಎಎಸ್‌ನಲ್ಲಿ ಕಾಣುತ್ತದೆ. ಅಲ್ಲಿ ನಿಮಗೆ ಸಂದಾಯವಾದ ಮೊತ್ತ ಅಂತ ತೋರಿಸುವುದು 72,000, 64,800 ಅಲ್ಲ. ನಿಮ್ಮ ಪುಸ್ತಕದಲ್ಲಿ ಟಿಡಿಎಸ್ ಡಿಸ್ಕೌಂಟಿನೊಳಗೆ ಸೇರಿದ್ದರೆ ಎರಡರಲ್ಲಿ ಒಂದು ಆಗುತ್ತದೆ. ತೆರಿಗೆ ವಾಪಸ್ ಕೇಳದೆ ಸುಮ್ನೆ ಬಿಟ್ಟುಬಿಡುತ್ತೀರಿ. ಇಲ್ಲವೇ ಆಡಿಟರು 26ಎಎಸ್ ನೋಡಿ ತೆರಿಗೆ ಕ್ರೆಡಿಟ್ ಕೇಳುತ್ತಾರೆ, ಆದರೆ ಅಷ್ಟು ಆದಾಯ ನೀವು ತೋರಿಸಿರುವುದಿಲ್ಲ. ಆಗ ನೋಟಿಸ್ ಬರುತ್ತದೆ. ಈ ಬಿಲ್ಲಿನಲ್ಲಿ ನಿಮ್ಮ ನಿಜವಾದ ಆದಾಯ 82,000ದಲ್ಲಿ 6,000 ಮತ್ತು 2,200 ಕಳೆದು 73,800. ಟಿಡಿಎಸ್ 7,200 ಬರಬೇಕಾದ ಬಾಕಿ, ಆಸ್ತಿ ಬದಿಗೆ ಹೋಗಬೇಕು.

ಸೆಟಲ್‌ಮೆಂಟ್ ಪತ್ರವಿಲ್ಲದೆ ಬರೀ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ ಎಂಟ್ರಿ ಹಾಕುವ ಅಭ್ಯಾಸವನ್ನು ಇವತ್ತೇ ಬಿಡಿ. ಪತ್ರ ಟಿಪಿಎ ಪೋರ್ಟಲ್‌ನಲ್ಲಿ ಸಿಗುತ್ತದೆ, ಇಮೇಲ್‌ಗೂ ಬರುತ್ತದೆ. ಒಂದೇ ಯುಟಿಆರ್ (ಬ್ಯಾಂಕ್ ವರ್ಗಾವಣೆ) ನಂಬರಿನಲ್ಲಿ ಹತ್ತು ರೋಗಿಗಳ ಹಣ ಒಟ್ಟಿಗೆ ಬಂದಿರುತ್ತದೆ. ಅದನ್ನು ರೋಗಿವಾರು ಬಿಡಿಸದಿದ್ದರೆ ಯಾವ ಕ್ಲೇಮಿನಲ್ಲಿ ಏನು ಕಟ್ ಆಯಿತು ಅಂತ ಯಾವತ್ತೂ ಗೊತ್ತಾಗುವುದಿಲ್ಲ.

ಇನ್ನು ಖಾತೆಗಳು. ಟ್ಯಾಲಿಯಲ್ಲಿ ಒಂದು ಡಿಸ್ಕೌಂಟ್ ಖಾತೆಯ ಬದಲು ನಾಲ್ಕು ಇಟ್ಟುಕೊಳ್ಳಿ: ಒಪ್ಪಂದದ ಕಡಿತ, ಆಸ್ಪತ್ರೆ ಕೊಟ್ಟ ರಿಯಾಯಿತಿ, ಕ್ಲೇಮ್ ಕಡಿತ, ಟಿಡಿಎಸ್ ಬಾಕಿ. ಬಿಲ್ಲು ಕೊಟ್ಟು ಕೊನೆಗೂ ವಸೂಲಾಗದ ಹಣಕ್ಕೆ ಐದನೆಯದು ಬೇಕಾಗಬಹುದು. ಇವನ್ನು ಬೇರೆ ಇಡಬೇಕಾದ ಕಾರಣ ಸರಳ. ಒಂದೊಂದನ್ನೂ ತೀರ್ಮಾನಿಸುವವರು ಬೇರೆ, ತೀರ್ಮಾನವಾಗುವ ಹೊತ್ತೂ ಬೇರೆ. ಒಪ್ಪಂದದ ಕಡಿತ ರೋಗಿ ಬರುವ ಮೊದಲೇ ಗೊತ್ತಿರುತ್ತದೆ. ರಿಯಾಯಿತಿ ಡಿಸ್ಚಾರ್ಜ್ ಹೊತ್ತಿಗೆ ಡಾಕ್ಟರ ಬಾಯಲ್ಲಿ ಬರುತ್ತದೆ. ಕ್ಲೇಮ್ ಕಡಿತ ತಿಂಗಳ ಮೇಲೆ ಬೇರೆಯವರ ಕೈಯಲ್ಲಿ ಆಗುತ್ತದೆ, ಅದರ ವಿರುದ್ಧ ನೀವು ದಾಖಲೆ ಕೊಟ್ಟು ವಾದ ಮಾಡಬಹುದು. ಒಪ್ಪಂದದ ಕಡಿತದ ಬಗ್ಗೆ ವಾದ ಮಾಡಲು ಏನೂ ಇಲ್ಲ, ಮುಂದಿನ ನವೀಕರಣದವರೆಗೆ.

ಒಪ್ಪಂದದ ಕಡಿತವನ್ನು ಬಿಲ್ಲು ಮಾಡುವಾಗಲೇ ತೋರಿಸಿಬಿಡಿ, ಹಣ ಬಂದ ಮೇಲಲ್ಲ. ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಒಂದೊಂದು ಕಂಪನಿಗೂ ಬೇರೆ ಟ್ಯಾರಿಫ್ (ದರಪಟ್ಟಿ) ಹಾಕುವ ವ್ಯವಸ್ಥೆ ಇರುತ್ತದೆ. ನಿಮ್ಮಲ್ಲಿ ಬಹುಶಃ ಅದನ್ನು ಯಾರೂ ತೆರೆದೇ ಇಲ್ಲ. ಪ್ರತಿ ಟ್ಯಾರಿಫ್‌ಗೂ ಯಾವ ದಿನಾಂಕದಿಂದ ಜಾರಿ ಅಂತ ಹಾಕಿ. ಮಾರ್ಚ್ 29ಕ್ಕೆ ಅಡ್ಮಿಟ್ ಆಗಿ ಏಪ್ರಿಲ್ 3ಕ್ಕೆ ಮನೆಗೆ ಹೋಗುವ ರೋಗಿಗೆ ಯಾವ ದರ? ಅಡ್ಮಿಟ್ ಆದ ದಿನದ್ದು ಅಂತ ಒಪ್ಪಂದದಲ್ಲೇ ಬರೆಸಿಕೊಂಡರೆ ಜಗಳ ಇರುವುದಿಲ್ಲ.

ಸಾರ್ವಜನಿಕ ವಲಯದ ನಾಲ್ಕು ವಿಮೆ ಕಂಪನಿಗಳು 2010ರಿಂದ ಪಿಪಿಎನ್ ಅಂತ ಆಸ್ಪತ್ರೆಗಳ ನೆಟ್‌ವರ್ಕ್ ನಡೆಸುತ್ತಿವೆ, ಮೊದಲು ಶುರುವಾದ ಊರುಗಳಲ್ಲಿ ಬೆಂಗಳೂರೂ ಒಂದು. ಅಲ್ಲಿ ಶೇಕಡಾ ಲೆಕ್ಕವಲ್ಲ, ಆಪರೇಷನ್ನಿಗೆ ಇಷ್ಟು ಅಂತ ಪ್ಯಾಕೇಜ್. ಪ್ಯಾಕೇಜ್ ಇದ್ದಲ್ಲಿ ರೇಟ್ ಲಿಸ್ಟ್ ದರ ಹಾಕಿ ಆಮೇಲೆ ಕಡಿತ ತೋರಿಸುವುದು ಬೇಡ. ಪ್ಯಾಕೇಜ್ ದರವೇ ನಿಮ್ಮ ಆದಾಯ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲೂ ಹಾಗೆಯೇ. ಬಿಪಿಎಲ್ ಕಾರ್ಡಿನವರಿಂದ ಪ್ಯಾಕೇಜಿನ ಆಚೆ ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವ ಹಾಗಿಲ್ಲ. ಎಪಿಎಲ್‌ನವರಿಗೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ ಶೇ. 30, ಉಳಿದಿದ್ದು ರೋಗಿಯದು. 50,000ದ ಪ್ಯಾಕೇಜಿಗೆ ನಿಮ್ಮ ಲಿಸ್ಟಿನಲ್ಲಿ 80,000 ಇದ್ದರೂ 'ಲಿಸ್ಟಿನ ವ್ಯತ್ಯಾಸ 30,000 ಡಿಸ್ಕೌಂಟ್' ಅನ್ನುವ ಎಂಟ್ರಿಗೆ ಅರ್ಥವೇ ಇಲ್ಲ. ನಿಮ್ಮ 38 ಲಕ್ಷದಲ್ಲಿ ಯಾವತ್ತೂ ನಿಮ್ಮದಲ್ಲದ ಪಾಲು ಅಂತ ಮೊದಲೇ ಹೇಳಿದೆನಲ್ಲ, ಅದು ಇಂಥ ಎಂಟ್ರಿಗಳಿಂದ ಬಂದಿದ್ದು. ಪ್ಯಾಕೇಜ್ ಗಿಟ್ಟುತ್ತದೋ ಇಲ್ಲವೋ ನೋಡಲು ಆ ಆಪರೇಷನ್ನಿನ ಖರ್ಚಿನ ಜೊತೆ ಹೋಲಿಸಿ. ರೇಟ್ ಲಿಸ್ಟಿನ ಜೊತೆ ಹೋಲಿಸಿದರೆ ಸುಮ್ನೆ ಹೊಟ್ಟೆ ಉರಿಯುತ್ತದೆ, ಅಷ್ಟೇ.

ಕ್ಯಾಶ್‌ಲೆಸ್ ರೋಗಿಯಿಂದ ಒಪ್ಪಂದದ ಆ 6,000ವನ್ನು 'ಡಿಫರೆನ್ಸ್' ಅಂತ ಬೇರೆ ಚೀಟಿಯಲ್ಲಿ ವಸೂಲಿ ಮಾಡುವ ಆಸ್ಪತ್ರೆಗಳಿವೆ. ನೀವು ಮಾಡುತ್ತಿಲ್ಲ ಅಂದುಕೊಂಡಿದ್ದೇನೆ. ಒಂದು ದೂರು ಹೋದರೆ ನೆಟ್‌ವರ್ಕಿನಿಂದಲೇ ತೆಗೆಯುತ್ತಾರೆ. ವಿಮೆಗೆ ಸೇರದ ಸಾಮಾನಿನ ಹೆಸರಿನಲ್ಲೂ ಇದೇ ಆಟ ನಡೆಯುತ್ತದೆ. ಐಆರ್‌ಡಿಎಐ (ವಿಮೆ ನಿಯಂತ್ರಣ ಪ್ರಾಧಿಕಾರ) ಈ ಸಾಮಾನುಗಳ ನಾಲ್ಕು ಪಟ್ಟಿ ಮಾಡಿದೆ. ಮೊದಲ ಪಟ್ಟಿಯವನ್ನು ಮಾತ್ರ ಪಾಲಿಸಿಯಲ್ಲಿ ಇಲ್ಲದಿದ್ದರೆ ರೋಗಿ ಕೊಡಬೇಕು. ಉಳಿದ ಮೂರು ಪಟ್ಟಿಯವು ರೂಂ ಬಾಡಿಗೆ, ಆಪರೇಷನ್ ಖರ್ಚು, ಚಿಕಿತ್ಸೆಯ ಖರ್ಚು ಇವುಗಳೊಳಗೇ ಸೇರಿದವು. ಹತ್ತಿ, ಗಾಜ್ ಬಟ್ಟೆ ಆಪರೇಷನ್ ಖರ್ಚಿನೊಳಗೆ. ಫೈಲ್ ಚಾರ್ಜು ರೂಂ ಬಾಡಿಗೆಯೊಳಗೆ. ಅಡ್ಮಿಷನ್ ಚಾರ್ಜು ಚಿಕಿತ್ಸೆಯೊಳಗೆ. ಇವನ್ನು ಬಿಲ್ಲಿನಲ್ಲಿ ಬೇರೆ ಸಾಲಾಗಿ ಹಾಕಿದರೆ ಟಿಪಿಎ ಕಟ್ ಮಾಡುತ್ತದೆ, ಕೌಂಟರಿನಲ್ಲಿ ರೋಗಿಯ ಹತ್ತಿರ ಕೇಳಿದರೆ ಅದು ತಪ್ಪು. ನಿಮ್ಮ 2,200ರಂಥ ಕಡಿತಗಳನ್ನು ಮೂರು ತಿಂಗಳು ಕಾರಣವಾರು ಬರೆದಿಡಿ. ಅರ್ಧದಷ್ಟು ಇಂಥ ಸಾಲುಗಳೇ ಸಿಕ್ಕರೆ ಆಶ್ಚರ್ಯಪಡಬೇಡಿ. ಅದನ್ನು ಬಿಲ್ಲಿನ ನಮೂನೆಯಲ್ಲೇ ಸರಿಮಾಡಬಹುದು.

ಈಗ ಡಾಕ್ಟರ ಚೀಟಿ.

ನಮ್ಮ ಊರುಗಳಲ್ಲಿ ಆಸ್ಪತ್ರೆ ಕೌಂಟರಿನಲ್ಲೂ ಚೌಕಾಸಿ ನಡೆಯುತ್ತದೆ. 'ಏನಾದ್ರೂ ಕಮ್ಮಿ ಮಾಡಿ ಸಾರ್' ಅನ್ನದೆ ಬಿಲ್ಲು ಕಟ್ಟುವವರು ಅಪರೂಪ. ಕೆಲವರಿಗೆ ನಿಜವಾಗಿಯೂ ಕೈಲಾಗುವುದಿಲ್ಲ, ಕೆಲವರದು ಬರೀ ಅಭ್ಯಾಸ. ರಿಯಾಯಿತಿ ಕೊಡಬೇಡಿ ಅಂತ ನಾನು ಹೇಳುವುದಿಲ್ಲ. ಸಣ್ಣ ಊರಿನ ಆಸ್ಪತ್ರೆ ನಿಂತಿರುವುದೇ ಆ ವಿಶ್ವಾಸದ ಮೇಲೆ. ಆದರೆ ಚೀಟಿಯಲ್ಲಿ ಮೂರು ವಿಷಯ ಇರಲೇಬೇಕು: ಯಾರು ಒಪ್ಪಿದರು, ಯಾಕೆ, ಯಾವ ಸಾಲಿನಲ್ಲಿ. ಕೌಂಟರಿನ ಹುಡುಗನಿಗೆ ರಿಯಾಯಿತಿ ಕೊಡುವ ಅಧಿಕಾರವೇ ಬೇಡ. ಮ್ಯಾನೇಜರಿಗೆ ಒಂದು ಮಿತಿ ಇರಲಿ. ಅದರ ಮೇಲಿನದು ಮಾಲೀಕರ ಸಹಿಗೆ. ನಗದು ಕಟ್ಟುವವರ ಬಿಲ್ಲಿನಲ್ಲಿ ರಿಯಾಯಿತಿ ಹಾಕಿ ಪೂರ್ತಿ ಹಣ ಇಸಿದುಕೊಳ್ಳುವುದು ಆಸ್ಪತ್ರೆ ಕೌಂಟರುಗಳ ಹಳೇ ಕಳ್ಳತನ. ಕಾರಣ ಬರೆಯದ ಡಿಸ್ಕೌಂಟ್ ಖಾತೆ ಅದಕ್ಕೆ ಒಳ್ಳೆಯ ಮರೆ.

ಯಾವ ಸಾಲಿನಲ್ಲಿ ಅನ್ನುವುದು ಇನ್ನೂ ಮುಖ್ಯ. ಮೇಲಿನ ಬಿಲ್ಲಿನಲ್ಲಿ 22,000 ಸರ್ಜನ್ ಫೀಸು. ಆ ಸರ್ಜನ್ ಹೊರಗಿನಿಂದ ಬರುವವರಾದರೆ ಆ ಹಣ ಅವರದು. ನಿಮ್ಮ ಮಾಲೀಕರು 'ಐದು ಸಾವಿರ ಬಿಡಿ' ಅಂದಾಗ ಬಿಟ್ಟಿದ್ದು ಯಾರ ಹಣ? ಆಸ್ಪತ್ರೆಯ ರೂಂ, ಓಟಿ ಹಣವೋ, ಸರ್ಜನ್ ಫೀಸಿನದೋ? ಒಪ್ಪಂದದ ಕಡಿತದಲ್ಲೂ ಇದೇ ಪ್ರಶ್ನೆ. ಶೇ. 10 ಕಡಿತವಾದ ಮೇಲೆ ಸರ್ಜನ್ ಸಾಲಿಗೆ ವಿಮೆಯವರು ಕೊಟ್ಟಿದ್ದು 19,800. ನೀವು ಸರ್ಜನ್‌ಗೆ ಲಿಸ್ಟಿನ ಪ್ರಕಾರ 22,000 ಕೊಟ್ಟಿದ್ದರೆ ಪ್ರತಿ ಕೇಸಿನಲ್ಲೂ 2,200 ಆಸ್ಪತ್ರೆಯ ಜೇಬಿನಿಂದ ಹೋಗುತ್ತಿದೆ. ಇದು ಡಿಸ್ಕೌಂಟ್ ಖಾತೆಯಲ್ಲಿ ಕಾಣುವುದೇ ಇಲ್ಲ, ಡಾಕ್ಟರ ಸಂದಾಯದಲ್ಲಿ ಸೇರಿಹೋಗಿರುತ್ತದೆ. ವಿಸಿಟಿಂಗ್ ಡಾಕ್ಟರುಗಳ ಜೊತೆ ಕೂತು ಒಂದು ಪತ್ರ ಮಾಡಿಕೊಳ್ಳಿ. ನಗದು ರೋಗಿಗೆ ಇಷ್ಟು, ವಿಮೆಗೆ ಒಪ್ಪಿದ ಮೊತ್ತದ ಮೇಲೆ, ಪ್ಯಾಕೇಜಿಗೆ ಕೇಸಿಗಿಷ್ಟು. ಅವರನ್ನು ಕೇಳದೆ ಅವರ ಫೀಸಿನಲ್ಲಿ ಬಿಡುವುದಿಲ್ಲ ಅಂತಲೂ ಬರೆಯಿರಿ. ಮೊದಲ ದಿನ ಮುಜುಗರ ಆಗುತ್ತದೆ. ಆಮೇಲೆ ಎಲ್ಲರಿಗೂ ನೆಮ್ಮದಿ.

ಔಷಧಿ ಮತ್ತು ಇಂಪ್ಲಾಂಟ್ ವಿಷಯದಲ್ಲಿ ನಿಮ್ಮ ರೇಟ್ ಲಿಸ್ಟಿಗೆ ಕೆಲಸವಿಲ್ಲ, ಅಲ್ಲಿ ಎಂಆರ್‌ಪಿಯೇ ಮಿತಿ. ಹಾಗಂತ ಎಂಆರ್‌ಪಿ ನ್ಯಾಯವಾದ ಬೆಲೆ ಅಂತಲೂ ಅಲ್ಲ. ಎನ್‌ಪಿಪಿಎ (ಕೇಂದ್ರದ ಔಷಧಿ ಬೆಲೆ ನಿಯಂತ್ರಣ ಪ್ರಾಧಿಕಾರ) 2018ರಲ್ಲಿ ದೆಹಲಿ ಸುತ್ತಮುತ್ತಲಿನ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್ಲು ಪರಿಶೀಲಿಸಿದಾಗ ಕೆಲವು ಸಾಮಾನಿನ ಲಾಭ ಶೇ. 1,737ರವರೆಗೆ ಇತ್ತು, ಅದೂ ಎಂಆರ್‌ಪಿ ದಾಟದೆ. ಅದಕ್ಕೂ ಒಂದು ವರ್ಷ ಮೊದಲು, 2017ರ ಫೆಬ್ರವರಿಯಲ್ಲಿ, ಹೃದಯದ ಸ್ಟೆಂಟಿಗೆ ಗರಿಷ್ಠ ದರ ನಿಗದಿಯಾಯಿತು: ಔಷಧಿ ಲೇಪನದ್ದಕ್ಕೆ 29,600, ಸಾದಾ ಲೋಹದ್ದಕ್ಕೆ 7,260 ರೂಪಾಯಿ. ಆಗಸ್ಟಿನಲ್ಲಿ ಮೊಣಕಾಲಿನ ಇಂಪ್ಲಾಂಟಿಗೂ ಬಂತು. ನಿಮ್ಮ ಮೆಶ್ 8,000ಕ್ಕೆ ಬಿಲ್ಲಾಗಿದ್ದರೆ ಟಿಪಿಎದವರು ಖರೀದಿ ಇನ್‌ವಾಯ್ಸ್, ಡಬ್ಬಿಯ ಸ್ಟಿಕ್ಕರ್ ಎರಡನ್ನೂ ಕೇಳುತ್ತಾರೆ. ಓಟಿ ನರ್ಸ್ ಸ್ಟಿಕ್ಕರನ್ನು ಕೇಸ್ ಶೀಟಿಗೆ ಅಂಟಿಸಿದ್ದಾರಾ ಅಂತ ಬಿಲ್ಲು ಮಾಡುವ ಮೊದಲು ನೋಡಿ. ಸ್ಟಿಕ್ಕರ್ ಕಸದ ಬುಟ್ಟಿಗೆ ಹೋದರೆ 8,000ವೂ ಅದರ ಜೊತೆ ಹೋದ ಹಾಗೆ.

ಜಿಎಸ್‌ಟಿ ಬಗ್ಗೆ ಚಿಕ್ಕದಾಗಿ. ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ, ಒಳರೋಗಿಗೆ ಚಿಕಿತ್ಸೆಯ ಭಾಗವಾಗಿ ಕೊಟ್ಟ ಔಷಧಿಗೂ ಇಲ್ಲ. ಹೊರರೋಗಿಗಳಿಗೆ ನಿಮ್ಮ ಮೆಡಿಕಲ್ ಶಾಪಿನಲ್ಲಿ ಮಾರಿದ್ದಕ್ಕೆ ಇದೆ. 2025ರ ಸೆಪ್ಟೆಂಬರ್ 22ರಿಂದ ಹೆಚ್ಚಿನ ಔಷಧಿಗಳಿಗೆ ಶೇ. 5. ಎಂಆರ್‌ಪಿಯಲ್ಲಿ ತೆರಿಗೆ ಸೇರಿರುತ್ತದೆ. 105 ರೂಪಾಯಿಯ ಔಷಧಿಗೆ ಶೇ. 10 ಬಿಟ್ಟು 94.50ಕ್ಕೆ ಕೊಟ್ಟರೆ ಮಾಲಿನ ಬೆಲೆ 90, ತೆರಿಗೆ 4.50. ಆ ಕಡಿತ ಬಿಲ್ಲಿನಲ್ಲೇ ಕಾಣಬೇಕು. ಬಿಲ್ಲಿನಲ್ಲಿ 105 ತೋರಿಸಿ ಕೈಯಲ್ಲಿ ಹತ್ತು ರೂಪಾಯಿ ವಾಪಸ್ ಕೊಟ್ಟರೆ ತೆರಿಗೆ 5 ರೂಪಾಯಿಯೇ. ಐಸಿಯು ಬಿಟ್ಟು ಬೇರೆ ರೂಂ ದಿನಕ್ಕೆ 5,000 ದಾಟಿದರೆ 2022ರ ಜುಲೈ 18ರಿಂದ ಶೇ. 5 ಇದೆ. ನಿಮ್ಮ ರೂಮುಗಳು ಅಷ್ಟು ದುಬಾರಿ ಇರಲಾರವು.

ಮಾಲೀಕರ ಶೇ. 20ಕ್ಕೆ ಬರೋಣ. ಬೆಲೆ ಏರಿಸಿ ಆಷಾಢ ಸೇಲ್ ಅಂತ ಬೋರ್ಡ್ ಹಾಕುವ ಸೀರೆ ಅಂಗಡಿಯ ಲೆಕ್ಕ ಇದು, ಆದರೆ ಆಸ್ಪತ್ರೆಯಲ್ಲಿ ನಡೆಯುವುದಿಲ್ಲ. ಪ್ಯಾಕೇಜುಗಳು ನಿಮ್ಮ ಲಿಸ್ಟ್ ನೋಡಿ ಏರುವುದಿಲ್ಲ. ಔಷಧಿ ಎಂಆರ್‌ಪಿ ಮೀರುವ ಹಾಗಿಲ್ಲ. ವಿಮೆ ಕಂಪನಿಗಳ ಟ್ಯಾರಿಫ್ ಒಪ್ಪಂದಕ್ಕೆ ಸಹಿ ಹಾಕಿದ ದಿನದ್ದು, ಮಧ್ಯದಲ್ಲಿ ಏರಿಸಲು ಅವರ ಒಪ್ಪಿಗೆ ಬೇಕು. ಹಾಗಾದರೆ ಏರಿದ ದರ ಯಾರಿಗೆ ತಟ್ಟುತ್ತದೆ? ಕಾರ್ಡೂ ಇಲ್ಲದ, ವಿಮೆಯೂ ಇಲ್ಲದ ನಗದು ರೋಗಿಗೆ. ಅಡಿಕೆ ಮಂಡಿಯ ಹಮಾಲಿ, ಬಾಡಿಗೆ ಆಟೋದವರು, ಸಣ್ಣ ಅಂಗಡಿಯವರು. ಅವರೇ ಚೌಕಾಸಿ ಮಾಡುತ್ತಾರೆ, ಡಾಕ್ಟರೇ ಮತ್ತೆ ಚೀಟಿ ಬರೆಯುತ್ತಾರೆ, ಡಿಸ್ಕೌಂಟ್ ಖಾತೆ 38ರಿಂದ 50 ಲಕ್ಷಕ್ಕೆ ಹೋಗುತ್ತದೆ. ಚೌಕಾಸಿ ಮಾಡಲು ಬಾರದವರು ಮಾತ್ರ ಪೂರ್ತಿ ಕಟ್ಟುತ್ತಾರೆ. ಅಮೆರಿಕದ ಆಸ್ಪತ್ರೆಗಳ ಲಿಸ್ಟ್ ದರ ಹೀಗೇ ಬೆಳೆದು ಯಾರೂ ನಂಬದ ಮಟ್ಟ ಮುಟ್ಟಿತು. ಕೊನೆಗೆ 2021ರಿಂದ ಒಪ್ಪಂದದ ದರಗಳನ್ನೂ ಬಹಿರಂಗಪಡಿಸಬೇಕು ಅಂತ ಅಲ್ಲಿ ನಿಯಮ ಬಂತು.

ನಮ್ಮಲ್ಲೂ ಲಿಸ್ಟ್ ಗುಟ್ಟಿನ ವಸ್ತುವಲ್ಲ. ರಾಜ್ಯದ ಖಾಸಗಿ ಆಸ್ಪತ್ರೆಗಳಿಗೆ ಅನ್ವಯಿಸುವ 2007ರ ಕೆಪಿಎಂಇ ಕಾಯ್ದೆಯ ಪ್ರಕಾರ ದರಪಟ್ಟಿಯನ್ನು ಆಸ್ಪತ್ರೆಯಲ್ಲಿ ಪ್ರದರ್ಶಿಸಲೇಬೇಕು. 2017ರ ನವೆಂಬರಿನಲ್ಲಿ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಮಾಡಿದ್ದು ಇದೇ ಕಾಯ್ದೆಯ ತಿದ್ದುಪಡಿಗೆ, ನೆನಪಿರಬಹುದು. ಗೋಡೆ ಮೇಲಿನ ದರ ಒಂದು, ಬಿಲ್ಲಿನ ದರ ಇನ್ನೊಂದು ಆದರೆ ದೂರು ಹೋಗುವುದು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾಧಿಕಾರಕ್ಕೆ. ಜೊತೆಗೆ, ವಿಮೆಯವರಿಗೆ ಹಾಕುವ ದರ ನಗದು ರೋಗಿಯ ದರಕ್ಕಿಂತ ಜಾಸ್ತಿ ಇರಬಾರದು ಅನ್ನುವ ಷರತ್ತು ಎಷ್ಟೋ ಒಪ್ಪಂದಗಳಲ್ಲಿ ಇರುತ್ತದೆ. ನಗದು ರೋಗಿಗಳಿಗೆ ದಿನಾ ಶೇ. 20 ಬಿಡುತ್ತಿದ್ದರೆ ನಿಮ್ಮ ನಿಜವಾದ ದರ ಯಾವುದು ಅಂತ ಅವರು ಕೇಳಿದಾಗ ಉತ್ತರ ಇರುವುದಿಲ್ಲ.

ಲಿಸ್ಟ್ ಪರಿಷ್ಕರಿಸುವುದೇ ಆದರೆ ಖರ್ಚಿನಿಂದ ಶುರು ಮಾಡಿ. ಸಿಬ್ಬಂದಿ ಸಂಬಳ, ಕರೆಂಟು, ಆಕ್ಸಿಜನ್ ಎಷ್ಟು ಏರಿದೆಯೋ ಅದಕ್ಕೆ ತಕ್ಕಂತೆ. ಆಗ ಇನ್ನೊಂದು ಕೆಲಸವನ್ನೂ ಮಾಡಿ. ರೂಮಿನ ದರ್ಜೆ ನೋಡಿ ಸರ್ಜನ್ ಫೀಸು, ಓಟಿ ಚಾರ್ಜು ಬದಲಾಗುತ್ತದಾ ನಿಮ್ಮಲ್ಲಿ? ಬದಲಾಗದಿದ್ದರೆ ಟ್ಯಾರಿಫಿನಲ್ಲಿ 'ಎಲ್ಲ ರೂಮಿಗೂ ಒಂದೇ ದರ' ಅಂತ ದಪ್ಪಕ್ಷರದಲ್ಲಿ ಬರೆಯಿರಿ. ಪಾಲಿಸಿಯ ಮಿತಿಗಿಂತ ದುಬಾರಿ ರೂಂ ತೆಗೆದುಕೊಂಡವರಿಗೆ ವಿಮೆಯವರು ಉಳಿದ ಖರ್ಚನ್ನೂ ಅದೇ ಪ್ರಮಾಣದಲ್ಲಿ ಕತ್ತರಿಸುತ್ತಾರೆ. ಮಿತಿ 2,000 ಇದ್ದು 4,000ದ ರೂಂ ಹಿಡಿದರೆ ಸರ್ಜನ್ ಫೀಸಿನಲ್ಲೂ ಅರ್ಧ ಹೋಗುತ್ತದೆ. ಔಷಧಿ, ಇಂಪ್ಲಾಂಟ್, ಲ್ಯಾಬ್ ಪರೀಕ್ಷೆಗಳಿಗೆ ಈ ಕತ್ತರಿ ಹಾಕಬಾರದು, ರೂಂ ನೋಡಿ ದರ ಬದಲಿಸದ ಆಸ್ಪತ್ರೆಯಲ್ಲಿ ಹಾಕಲೇಬಾರದು ಅಂತ ಐಆರ್‌ಡಿಎಐ 2020ರಲ್ಲೇ ಹೇಳಿದೆ. ನಿಮ್ಮ ಟ್ಯಾರಿಫಿನಲ್ಲಿ ಆ ಒಂದು ಸಾಲು ಇದ್ದರೆ ರೋಗಿಗೆ ಹತ್ತಾರು ಸಾವಿರ ಉಳಿಯುತ್ತದೆ, ಡಿಸ್ಚಾರ್ಜ್ ದಿನ ನಿಮ್ಮ ಕೌಂಟರಿನಲ್ಲಿ ಗಲಾಟೆಯೂ ಇರುವುದಿಲ್ಲ.

ಸದ್ಯಕ್ಕೆ ಆಡಿಟರಿಗೆ ಏನು ಕೊಡಬೇಕು? 26ಎಎಸ್ ಇಳಿಸಿಕೊಳ್ಳಿ. ಅದರಲ್ಲಿರುವ ಟಿಪಿಎ, ವಿಮೆ ಕಂಪನಿಗಳ ಟಿಡಿಎಸ್ ಒಟ್ಟು ಮಾಡಿ ಡಿಸ್ಕೌಂಟ್ ಖಾತೆಯಿಂದ ಹೊರಗೆ ತೆಗೆಯಿರಿ. ಒಂದು ದಿನದ ಕೆಲಸ, ದೊಡ್ಡ ಮೊತ್ತ ಇದರಲ್ಲೇ ಇಳಿಯುತ್ತದೆ. ಆಮೇಲೆ ಆಯುಷ್ಮಾನ್ ಮತ್ತು ಪ್ಯಾಕೇಜ್ ಕೇಸುಗಳ ಲಿಸ್ಟ್ ವ್ಯತ್ಯಾಸವನ್ನು ಆದಾಯದಿಂದಲೂ ಡಿಸ್ಕೌಂಟಿನಿಂದಲೂ ಒಟ್ಟಿಗೆ ಕಳೆಯಿರಿ, ಲಾಭದ ಅಂಕಿ ಬದಲಾಗುವುದಿಲ್ಲ. ಉಳಿದ ವಿಮೆ ಕೇಸುಗಳನ್ನು ಸೆಟಲ್‌ಮೆಂಟ್ ಪತ್ರ ಇಟ್ಟುಕೊಂಡು ಒಪ್ಪಂದದ ಕಡಿತ, ಕ್ಲೇಮ್ ಕಡಿತ ಅಂತ ಬೇರೆ ಮಾಡಿ. ಪತ್ರ ಸಿಗದ ಕೇಸುಗಳ ಪಟ್ಟಿಯನ್ನು ಟಿಪಿಎಗೆ ಇಮೇಲ್ ಮಾಡಿ, ಕೊಡುತ್ತಾರೆ. ಇಷ್ಟಾದ ಮೇಲೆ ಉಳಿಯುವುದು ಡಾಕ್ಟರ ಚೀಟಿಗಳ ರಿಯಾಯಿತಿ. ಚೀಟಿ ಇರುವುದಕ್ಕೆ ಚೀಟಿ ಲಗತ್ತಿಸಿ, ಇಲ್ಲದ್ದಕ್ಕೆ ಮಾಲೀಕರಿಂದ ಒಂದು ಪಟ್ಟಿಗೆ ಸಹಿ ಹಾಕಿಸಿ. ಹಿಂದಿನ ವರ್ಷದ ರಿಟರ್ನಿನಲ್ಲೂ ಟಿಡಿಎಸ್ ಬಿಟ್ಟುಹೋಗಿದ್ದರೆ, ಪರಿಷ್ಕೃತ ರಿಟರ್ನಿನ ಗಡುವು ಇನ್ನೂ ಇದೆಯಾ ಅಂತ ಅದೇ ದಿನ ಆಡಿಟರನ್ನು ಕೇಳಿ.